ಮಳೆಗಾಲದ ಮನಸ್ಸಿಗೆ ಡೇರೆ ಹೂವು



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಆಷಾಢವನ್ನು ನಾವೆಲ್ಲ ಬಲ್ಲೆವು. ಬಿಸಿಲಿಲ್ಲ, ಬಂದುಹೋಗುವವರಿಲ್ಲ; ಮನಸ್ಸಿಗೂ ಬೂಷ್ಟು ಹಿಡಿಯುತ್ತದೆ. ಇದನ್ನರಿತೇ ಏನೋ, ನಮ್ಮ ತಾಯಂದಿರು ಮಳೆಗೆ ಮುನ್ನವೇ ಅಂಗಳದಲ್ಲಿ ಡೇರೆ ಗೆಡ್ಡೆಗಳನ್ನು ಊರುತ್ತಾರೆ. ನೀರು ನಿಂತು ಕೊಳೆಯದಂತೆ ಮಣ್ಣೇರಿಸಬೇಕು, ಗಾಳಿಗೆ ಬಾಗದಂತೆ ಕೋಲು ಕಟ್ಟಬೇಕು. ದಿನಕ್ಕೊಮ್ಮೆಯಾದರೂ ಹೊರಗೆ ಬರಲೇಬೇಕು. ಹೊಸ ಬಣ್ಣದ ಗೆಡ್ಡೆ ಕೇಳಿಕೊಂಡು ನೆರೆಮನೆಯವರೂ ಬರುತ್ತಾರೆ.

1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಾಚೆ ಮರಗಳು ಕಾಣುತ್ತಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳು, ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಅಂಗಳವನ್ನೇ ಬಿಟ್ಟುಕೊಟ್ಟವರ ದುಃಖಕ್ಕೆ ಹೂವು ಮದ್ದೆನ್ನುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಮಕ್ಕಳು ಪರವೂರಿನಲ್ಲಿದ್ದು ಒಂಟಿಯಾಗಿರುವ ಹಿರಿಯರು ನಮ್ಮ ನಡುವೆಯೂ ಇದ್ದಾರೆ. ಬರುವ ಮೇ ತಿಂಗಳಲ್ಲಿ ಅವರ ಮನೆಗೆ ಒಂದೊಂದು ಗೆಡ್ಡೆ ಒಯ್ಯೋಣ. ನೆಡುವುದಕ್ಕೆ ಅವರನ್ನೇ ಅಂಗಳಕ್ಕೆ ಕರೆಯೋಣ.