ವಾರಕ್ಕೊಂದು ಬೆಳಗು

(ಶೆಟ್ಟಿಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿಗೆ ಬರುವ ಪರಸ್ಥಳದವರು ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಹಳೆಯ ಚರ್ಚನ್ನು ನೋಡಲು ಬರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡವು ಗೊರೂರು ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಕಾಣುತ್ತದೆ. ಅದರ ವರ್ಷವನ್ನು ನೀರು ನಿರ್ಧರಿಸುತ್ತದೆ. ನಮ್ಮ ವಾರವನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ಇಂದಿನ ನನ್ನ ವಿಷಯ.

ನನ್ನ ಸೋಲಿನಿಂದಲೇ ಆರಂಭಿಸುತ್ತೇನೆ. ಪ್ರತಿ ಭಾನುವಾರ ನನ್ನ ಆಲೂಗಡ್ಡೆ ತಾಕನ್ನು ಸುತ್ತಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಒಂದು ಮುಂಗಾರಿನಲ್ಲಿ ಸಂಕಲ್ಪ ಮಾಡಿದೆ. ಮೊದಲ ಭಾನುವಾರ ಹೋದೆ. ಎರಡನೆಯದು ಮದುವೆಗೆ ಹೋಯಿತು, ಮೂರನೆಯದು ನೆಂಟರಿಗೆ. ನಾಲ್ಕನೆಯ ಭಾನುವಾರ ಹೋದಾಗ ಗಿಡಗಳು ಸುಟ್ಟಂತೆ ಕಪ್ಪಾಗಿದ್ದವು. ನನ್ನ ಡಾಕ್ಟರೇಟ್ ಪದವಿಗೆ ಅಂಗಮಾರಿ ಹೆದರಲಿಲ್ಲ.

ಈ ರೋಗದ ಲೆಕ್ಕ ತಿಳಿದರೆ ವಾರದ ಬೆಲೆ ತಿಳಿಯುತ್ತದೆ. ತಂಪು ಹವೆಯಿದ್ದು ಎಲೆ ಒದ್ದೆಯಾಗಿಯೇ ಉಳಿದರೆ, ರೋಗಾಣು ತಗುಲಿದ ಮೂರರಿಂದ ಐದು ದಿನಗಳಲ್ಲಿ ಕಲೆ ಕಾಣಿಸುತ್ತದೆ. ಎಲೆಯ ಕೆಳಮೈಯಲ್ಲಿ ಬಿಳಿಯ ಬೂಷ್ಟು ಬಂದಿತೆಂದರೆ ಅಲ್ಲಿಂದ ಮುಂದಿನ ಗಿಡಗಳಿಗೆ ಹರಡುವುದಕ್ಕೆ ಗಾಳಿ, ಮಳೆಹನಿ ಸಾಕು. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ್ದು ಇದೇ ರೋಗ. ನಮ್ಮ ಜಿಲ್ಲೆಯಲ್ಲಿಯೂ ಇದರ ಹೊಡೆತ ತಿಂದ ಹಲವರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದರು. ವಾರಕ್ಕೊಮ್ಮೆ ನೋಡಿದವನಿಗೆ ಮೊದಲ ಕಲೆಗಳು ಸಿಗುವ ಸಂಭವವಿದೆ. ಮೋಡ ಮುಸುಕಿ ಜಡಿಮಳೆ ಹಿಡಿದಾಗ ವಾರಕ್ಕೆರಡು ಸಲವಾದರೂ ನೋಡಬೇಕು. ಇಪ್ಪತ್ತು ದಿನಕ್ಕೊಮ್ಮೆ ನೋಡುವವನಿಗೆ ಸಿಗುವುದು ಬರಿಯ ದಂಟು.

1989ರಲ್ಲಿ ಇಂಡೊನೇಷ್ಯದಲ್ಲಿ ಭತ್ತದ ರೈತರಿಗಾಗಿ ಆರಂಭವಾದ ಕ್ಷೇತ್ರ ಪಾಠಶಾಲೆಗಳು ಬೆಳೆಯ ಕಾಲ ಮುಗಿಯುವವರೆಗೂ ವಾರಕ್ಕೊಂದು ಬೆಳಿಗ್ಗೆ ಗದ್ದೆಯಲ್ಲಿಯೇ ಸೇರುತ್ತಿದ್ದವು. ರೈತರು ಹುಳುಗಳನ್ನು ಎಣಿಸಿ, ಚಿತ್ರ ಬರೆದು, ಔಷಧಿ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ಅಲ್ಲಿಯೂ ನಿಗದಿಯಾದ ದಿನವೇ ಮುಖ್ಯವಾಗಿತ್ತು.

ಹಾಗಾದರೆ ಯಾವ ದಿನ? ನಮ್ಮ ಹಿರಿಯರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಆ ಬಿಡುವು ಮಾಯವಾಗುತ್ತಿದೆ. ನಾನು ಆ ಹಳೆಯ ದಿನವನ್ನೇ ಮತ್ತೆ ಹಿಡಿದೆ. ಮದುವೆಗಳು ಭಾನುವಾರ ಹೆಚ್ಚು, ಸಂತೆಯ ದಿನ ಕೈ ಬಿಡುವಿರದು. ಸೋಮವಾರ ಬೆಳಿಗ್ಗೆ ಒಂದು ಗಂಟೆ ಸಿಕ್ಕಿತು. ಆದರೆ ಸುಮ್ಮನೆ ಸಿಗಲಿಲ್ಲ. ಆ ಹೊತ್ತಿನಲ್ಲಿ ಪೇಟೆಗೆ ಹೋಗಿ ಪತ್ರಿಕೆ ಓದಿ ಕಾಫಿ ಕುಡಿಯುವ ಅಭ್ಯಾಸವನ್ನು ಬಿಡಬೇಕಾಯಿತು. ಏನನ್ನೂ ಬಿಡದೆ ವಾರಕ್ಕೆ ಹೊಸ ಕೆಲಸ ಸೇರಿಸಿಕೊಳ್ಳುವವರ ಸಂಕಲ್ಪ ಯುಗಾದಿಯ ಬೇವುಬೆಲ್ಲ ಕರಗುವಷ್ಟು ಹೊತ್ತೂ ನಿಲ್ಲುವುದಿಲ್ಲ.

ಇಲ್ಲೊಂದು ಮಾತು ಗಂಡಸರಿಗೆ. ಸೋಮವಾರದ ಬಿಡುವು ಎತ್ತಿಗಿತ್ತು, ಮನೆಯ ಹೆಣ್ಣಿಗೆ ಯಾವ ವಾರವೂ ಇರಲಿಲ್ಲ. ಹೊಲಿಗೆ ಕಲಿಯಬೇಕೆಂದೋ ಸ್ವಸಹಾಯ ಸಂಘದ ಲೆಕ್ಕ ಬರೆಯಬೇಕೆಂದೋ ಆಕೆ ಬಯಸಿದರೆ, ಆ ದಿನದ ಹಾಲು ಕರೆಯುವುದನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಮೊದಲು ಮಾತಾಗಲಿ. ಬರಿಯ ಪ್ರೋತ್ಸಾಹದಿಂದ ಹಸು ಹಾಲು ಕೊಡುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನವೆಂಬುದೊಂದಿತ್ತು. ಬಡ ಹುಡುಗನು ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಅದು ಬಹುಮಟ್ಟಿಗೆ ಮೇಲ್ಜಾತಿಯ ಹುಡುಗರಿಗೆ ಮಾತ್ರ ಸಿಕ್ಕ ಅನುಕೂಲ, ಅದನ್ನು ಮರೆಯಬಾರದು. ಆದರೂ ಒಂದು ಗುರಿಗಾಗಿ ಇಡೀ ವಾರವನ್ನು ಹೆಣೆದ ರೀತಿಯನ್ನು ಗಮನಿಸಿ. ನಿಮಗೀಗ ಊಟದ ಚಿಂತೆಯಿಲ್ಲದಿರಬಹುದು, ಬಸ್ಸಿನ ಚಿಂತೆಯಿದೆ. ಕಷ್ಟವೆನಿಸುವ ಪಾಠವನ್ನು ಬಸ್ಸಿಳಿದು ದಣಿದು ಬಂದ ಸಂಜೆಗೆ ಇಡಬೇಡಿ. ಎಲ್ಲವನ್ನೂ ಭಾನುವಾರಕ್ಕೂ ತಳ್ಳಬೇಡಿ, ಭಾನುವಾರದ ಕಥೆ ಹೇಳಿದ್ದೇನೆ.

ನನ್ನ ಸೋಮವಾರದ ಪುಸ್ತಕವನ್ನು ತಂದಿದ್ದೇನೆ. ಕಳೆದ ಮುಂಗಾರಿನಲ್ಲಿ ಎರಡು ವಾರ ತಪ್ಪಿದೆ, ಆ ಪುಟಗಳನ್ನು ಖಾಲಿಯೇ ಬಿಟ್ಟಿದ್ದೇನೆ. ಸಭೆ ಮುಗಿದ ಮೇಲೆ ನೋಡಬಹುದು.