ಶಬ್ದ ಹೆಚ್ಚಾದರೆ ಮಾತು ಕೇಳುತ್ತದೆಯೇ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಧ್ವನಿವರ್ಧಕದ ಕೆಲಸದವನಾದ ನನ್ನನ್ನು ಇವತ್ತು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನನ್ನ ಕಸುಬಿನ ಒಂದೇ ಸಂಗತಿ ಹೇಳುತ್ತೇನೆ.

ನಮ್ಮ ಮುಂಡಾಜೆ, ಉಜಿರೆ ಕಡೆ ಬಯಲಾಟ ನೋಡಿ ಬಂದ ಹಿರಿಯರು ಹೇಳುವುದುಂಟು: "ಚೆಂಡೆ ಎದೆಗೆ ಬಡಿಯುತ್ತದೆ, ಅರ್ಥ ಮಾತ್ರ ತಿಳಿಯುವುದಿಲ್ಲ." ಅದಕ್ಕೆ ವಾಲ್ಯೂಮ್ ಏರಿಸಿದರೆ ಚೆಂಡೆಯೂ ಜೊತೆಗೇ ಏರುತ್ತದೆ.

ಎಳೆಯ ಕಿವಿಗೆ 20ರಿಂದ 20,000 ಹರ್ಟ್ಸ್ ವರೆಗೆ ಕೇಳುತ್ತದೆ. ಆದರೆ ಮಾತಿನ ಜೀವ ಇರುವುದು ನಡುವಿನಲ್ಲಿ. ಹಳೆಯ ದೂರವಾಣಿ ಕಳುಹಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ. ಮುಂಬಯಿಯಲ್ಲಿದ್ದ ಮಗನ ಸ್ವರ ಅಮ್ಮನಿಗೆ ಗುರುತು ಸಿಗಲು ಅಷ್ಟು ಸಾಕಿತ್ತು. 'ಕಾಲು', 'ಪಾಲು', 'ತಾಳು' ಎಂಬ ವ್ಯಂಜನಗಳ ವ್ಯತ್ಯಾಸ ತಿಳಿಯುವುದು ಹೆಚ್ಚಾಗಿ 1000ರಿಂದ 4000 ಹರ್ಟ್ಸ್ ಭಾಗದಲ್ಲಿ. ಅದು ಸೊರಗಿದರೆ ಶಬ್ದ ಉಳಿಯುತ್ತದೆ, ಮಾತು ಹೋಗುತ್ತದೆ.

ಹಿಂದಿನ ತಗಡಿನ ಹಾರ್ನುಗಳಲ್ಲಿ ಗುಡುಗು ಇರಲಿಲ್ಲ, ನಡುವಿನ ಧ್ವನಿ ಇತ್ತು. ಸ್ವರ ಕರ್ಕಶವಾದರೂ ಪದ ದೂರಕ್ಕೆ ತಿಳಿಯುತ್ತಿತ್ತು. ಈಗಿನ ಅನೇಕ ಪೆಟ್ಟಿಗೆಗಳಲ್ಲಿ 15 ಇಂಚಿನ ವೂಫರ್, ಮೇಲೊಂದು ಟ್ವೀಟರ್. ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ಹಾಕಿ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 1000 ಹರ್ಟ್ಸ್ ತರಂಗದ ಉದ್ದ 34 ಸೆಂಟಿಮೀಟರ್. 15 ಇಂಚು ಎಂದರೆ 38 ಸೆಂಟಿಮೀಟರ್. ಸ್ಪೀಕರಿನ ಅಗಲ ತರಂಗಕ್ಕಿಂತ ಹೆಚ್ಚಾದಂತೆ ಧ್ವನಿ ಬದಿಗೆ ಹರಡದೆ ನೇರ ಮುಂದಕ್ಕೆ ಹೋಗುತ್ತದೆ. ಬದಿಯಲ್ಲಿ ಕುಳಿತವರಿಗೆ ಗುಡುಗು ಸಿಗುತ್ತದೆ, ಮಾತು ಸಿಗುವುದಿಲ್ಲ. ನಡುವಿನ ಧ್ವನಿಗೆಂದೇ ಬೇರೆ ಸ್ಪೀಕರ್ ಇಡುವುದು ಇದಕ್ಕೆ.

ಕೊಳ್ಳುವಾಗ ಎಲ್ಲರೂ ವಾಟ್ ಎಷ್ಟೆಂದು ಕೇಳುತ್ತಾರೆ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಕೂಡ ಕೇಳಿ. '50ರಿಂದ 18,000 ಹರ್ಟ್ಸ್' ಎಂದಷ್ಟೇ ಬರೆದಿದ್ದರೆ ಸಾಲದು. ನಡುವೆ ಏರಿಳಿತ ಎಷ್ಟು ಡೆಸಿಬೆಲ್ ಎಂಬುದೂ ಇರಬೇಕು. ಏರಿಳಿತ ಕಡಿಮೆಯಿದ್ದಷ್ಟೂ ಧ್ವನಿ ಸಹಜ.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಗ್ಗುವುದು ಮೇಲಿನ ಆವರ್ತನಗಳ ಗ್ರಹಿಕೆ. ಮಾತು ಮೊದಲು ತಪ್ಪಿಹೋಗುವುದು ಹಿರಿಯರಿಗೇ. ಆದ್ದರಿಂದ ಮೈಕ್ ಕಟ್ಟುವ ತಮ್ಮಂದಿರಲ್ಲಿ ನನ್ನ ವಿನಂತಿ: ಮಾತಿನ ಮೈಕಿಗೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸಿ, ನಡುವಿನದನ್ನು ತಗ್ಗಿಸಬೇಡಿ. ಮತ್ತೆ ಕೊನೆಯ ಸಾಲಿನ ಅಜ್ಜ ಅಜ್ಜಿಯರ ಪಕ್ಕ ಹೋಗಿ ಒಮ್ಮೆ ಕುಳಿತು ಕೇಳಿ. ಅವರಿಗೆ ಅರ್ಥ ತಿಳಿದರೆ ನಮ್ಮ ಕೆಲಸ ಸರಿಯಾಯಿತು. ಇದಕ್ಕೆ ಖರ್ಚೇನೂ ಇಲ್ಲ.