ಕೀಲಿ ತಿರುಗಿಸುವ ಮುನ್ನ



ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್ ನೋಡುವುದು ಒಂದು ಭಾಗ್ಯ. ಘಟಪ್ರಭೆ ಕೆಂಪಾಗಿ ತುಂಬಿ ಬಂದು ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಗೆಳೆಯರೆಲ್ಲ ಸೇರಿ ಬಾಡಿಗೆಯ ಮೋಟಾರ್ ಸೈಕಲ್ಲನ್ನೋ ಕಾರನ್ನೋ ತೆಗೆದುಕೊಂಡು ಇಂಥ ಸ್ಥಳಕ್ಕೆ ಹೋಗಬೇಕೆಂಬ ಆಸೆ ನಿಮಗೂ ಇದ್ದೀತು. ಹೋಗಿ ಬನ್ನಿ. ಆದರೆ ಬಾಡಿಗೆ ವಾಹನದ ಕೀಲಿ ಕೈಗೆ ಬಂದ ಮೇಲಿನ ಹತ್ತು ನಿಮಿಷಗಳ ಬಗ್ಗೆ ನಿಮ್ಮೊಡನೆ ಮಾತನಾಡಬೇಕಾಗಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ಒಂದು ರವಿವಾರ ಗೋಕಾಕ ಊರಿನಿಂದ ಸೈಕಲ್ ಒಯ್ದು, ಏರಿನಲ್ಲಿ ತಳ್ಳಿಕೊಂಡು, ಫಾಲ್ಸ್ ನೋಡಿದೆ. ತಿರುಗಿ ಬರುವಾಗ ಇಳಿಜಾರು. ಬ್ರೇಕ್ ಹಿಡಿದರೆ ಗಾಲಿ ನಿಲ್ಲಲೊಲ್ಲದು! ಬ್ರೇಕಿನ ರಬ್ಬರು ಪೂರ್ತಿ ಸವೆದುಹೋಗಿತ್ತು. ರಸ್ತೆ ಬದಿಯ ಗರಸಿನಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡೆ. ಅಂಗಡಿಗೆ ಬಂದರೆ ಮಡ್‌ಗಾರ್ಡ್ ಬಾಗಿದ್ದಕ್ಕೆ ದುಡ್ಡು ಕೇಳಿದರು. ಅದು ಮೊದಲೇ ಬಾಗಿತ್ತೋ, ನಾನು ಬಿದ್ದಾಗ ಬಾಗಿತೋ ನನಗೇ ತಿಳಿಯದು. “ತಮ್ಮಾ, ಒಯ್ಯೂ ಮುಂದ ಯಾಕ ನೋಡಲಿಲ್ಲ?” ಎಂದರು ಅಂಗಡಿಯವರು. ಉತ್ತರ ನನ್ನಲ್ಲಿರಲಿಲ್ಲ. ನೋಡದೆ ಒಯ್ದವನಿಗೆ ಮೈಗೂ ಪೆಟ್ಟು, ಕಿಸೆಗೂ ಪೆಟ್ಟು.

ಸೈಕಲ್ಲಿನ ಜಾಗಕ್ಕೆ ಈಗ ಎಂಜಿನ್ ಇರುವ ವಾಹನ ಬಂದಿದೆ. ವೇಗ ಹೆಚ್ಚು, ಆದ್ದರಿಂದ ಎಚ್ಚರವೂ ಹೆಚ್ಚು ಬೇಕು.

ಮೊದಲು ಕಾಗದ ಪತ್ರಗಳನ್ನು ನೋಡಿರಿ. ಗೇರ್ ಇರುವ ಮೋಟಾರ್ ಸೈಕಲ್ ಮತ್ತು ಕಾರು ನಡೆಸಲು 18 ವರ್ಷ ತುಂಬಿರಬೇಕು, ಆ ಬಗೆಯ ವಾಹನಕ್ಕೆ ಪಡೆದ ಲೈಸೆನ್ಸ್ ಇರಬೇಕು. ಅದು ನಿಮ್ಮ ಕಡೆಯ ಕಾಗದ. ಇನ್ನು ಬಾಡಿಗೆ ಕೊಡುವವರ ಕಡೆಯದು: ಆರ್.ಸಿ., ವಿಮೆ, ಹೊಗೆ ತಪಾಸಣೆ ಪತ್ರ. ಇವುಗಳ ಅವಧಿ ಮುಗಿದಿದೆಯೇ ಎಂದು ದಿನಾಂಕ ಓದಿರಿ. ನಮ್ಮ ದೇಶದಲ್ಲಿ ಕಾರುಗಳನ್ನು ಹೀಗೆ ಬಾಡಿಗೆಗೆ ಕೊಡುವುದಕ್ಕೆ 1989ರಲ್ಲಿ, ಮೋಟಾರ್ ಸೈಕಲ್‌ಗಳಿಗೆ 1997ರಲ್ಲಿ ಕೇಂದ್ರ ಸರ್ಕಾರದ ಯೋಜನೆಗಳು ಬಂದವು. ಪರವಾನಗಿ ಪಡೆದ ಪೆಟ್ರೋಲ್, ಡೀಸೆಲ್ ಬಾಡಿಗೆ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳ ನಂಬರ್ ಪ್ಲೇಟ್ ಇರುತ್ತದೆ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಮರುಳಾಗಬೇಡಿ. ಅಪಘಾತವಾದರೆ ವಿಮೆಯ ವಿಷಯದಲ್ಲಿ ತಕರಾರು ಏಳಬಹುದು. ಇನ್ನೊಂದು ಮಾತು: ಕಾನೂನು ಕಡ್ಡಾಯ ಮಾಡಿರುವ ‘ಥರ್ಡ್ ಪಾರ್ಟಿ’ ವಿಮೆ ಎದುರಿನವರಿಗಾದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು, ನೀವು ಒಯ್ದ ಗಾಡಿಯ ರಿಪೇರಿಯನ್ನಲ್ಲ. ಆ ಖರ್ಚು ಯಾರದೆಂದು ಮೊದಲೇ ಕೇಳಿ ಬರೆಸಿಕೊಳ್ಳಿರಿ.

ಎರಡನೆಯದು ಬ್ರೇಕ್. ನಿಂತಲ್ಲೇ ಲಿವರನ್ನು ಒತ್ತಿ ಹಿಡಿಯಿರಿ. ಡಿಸ್ಕ್ ಬ್ರೇಕಿನ ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ ಅಥವಾ ಹಿಡಿದಂತೆ ನಿಧಾನವಾಗಿ ಒಳಗೆ ಇಳಿದರೆ, ಕೊಳವೆಯಲ್ಲಿ ಗಾಳಿ ಸೇರಿರಬಹುದು ಇಲ್ಲವೆ ಎಣ್ಣೆ ಸೋರುತ್ತಿರಬಹುದು. ಆ ಗಾಡಿ ಬೇಡ. ಲಿವರ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಗೆಳೆಯನಿಗೆ ನೋಡಲು ಹೇಳಿರಿ.

ಮೂರನೆಯದು ಟೈರ್. ಟೈರಿನ ಮೇಲಿನ ಗೆರೆಗಳು ಅಂದಕ್ಕಾಗಿ ಇರುವುದಲ್ಲ. ಒದ್ದೆ ರಸ್ತೆಯಲ್ಲಿ ನೀರು ಅವುಗಳ ಮೂಲಕ ಹೊರಹೋದರೆ ಮಾತ್ರ ರಬ್ಬರು ನೆಲವನ್ನು ಹಿಡಿಯುತ್ತದೆ. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಆ ಉಬ್ಬಿಗೆ ಸಮವಾಗಿದ್ದರೆ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯಿರಿ. ಪಕ್ಕದ ಗೋಡೆಯಲ್ಲಿ ಸೀಳು, ಉಬ್ಬು ಕಂಡರೂ ಒಪ್ಪಬೇಡಿ. ಕಾರಾದರೆ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕ್ ಮತ್ತು ಪಾನಾ ಇವೆಯೇ, ಎಲ್ಲ ಸೀಟ್ ಬೆಲ್ಟುಗಳೂ ಸರಿಯಾಗಿ ಸಿಕ್ಕಿಕೊಳ್ಳುತ್ತವೆಯೇ ನೋಡಿರಿ. ದೀಪ, ಇಂಡಿಕೇಟರ್, ಹಾರ್ನ್, ಕನ್ನಡಿ, ವೈಪರ್, ಇವುಗಳಿಗೆ ಒಂದು ನಿಮಿಷ ಸಾಕು. ಮೋಟಾರ್ ಸೈಕಲ್ಲಾದರೆ ಇಬ್ಬರಿಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಬೇಕು. ಗದ್ದದ ಪಟ್ಟಿ ಬಿಗಿಯಾಗುವಂತಿರಬೇಕು.

ನಾಲ್ಕನೆಯದು ಹಳೆಯ ಗಾಯಗಳು. ಅಂಗಡಿಯವರನ್ನು ಜೊತೆಗಿಟ್ಟುಕೊಂಡು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬನ್ನಿರಿ. ಗೀರು, ತಗ್ಗು, ಒಡೆದ ಗಾಜು ಕಂಡದ್ದನ್ನೆಲ್ಲ ರಸೀದಿಯಲ್ಲಿ ಬರೆಸಿರಿ. ಮೊಬೈಲಿನಲ್ಲಿ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಓಡಿದ ಕಿಲೋಮೀಟರ್ ಎಷ್ಟು, ಪೆಟ್ರೋಲ್ ಎಷ್ಟು ಎಂಬುದೂ ಫೋಟೋದಲ್ಲಿರಲಿ. ನನ್ನ ಮಡ್‌ಗಾರ್ಡಿನ ಪ್ರಶ್ನೆಗೆ ಆ ದಿನ ಇಲ್ಲದ ಉತ್ತರ ಇದೇ. ಕೊನೆಗೆ ಹತ್ತಿರದಲ್ಲೇ ನಿಧಾನವಾಗಿ ನೂರು ಮೀಟರ್ ಓಡಿಸಿ, ಬ್ರೇಕ್ ಹಿಡಿದು ನೋಡಿರಿ. ಗಾಡಿ ಒಂದೇ ಕಡೆ ಎಳೆದರೆ ತಿರುಗಿಸಿ ಕೊಟ್ಟುಬಿಡಿ.

“ಹೀಗೆಲ್ಲ ನೋಡಿದರೆ ಅವರು ಏನೆಂದುಕೊಂಡಾರು?” ಎಂಬ ಸಂಕೋಚ ನಿಮಗಿರಬಹುದು. ಸಂತೆಯಲ್ಲಿ ಗಡಿಗೆ ಕೊಳ್ಳುವ ನಿಮ್ಮ ಅಜ್ಜಿಯನ್ನು ನೆನೆಯಿರಿ. ಬೆರಳ ಗೆಣ್ಣಿನಿಂದ ಬಡಿದು, ನಾದ ಕೇಳಿಯೇ ಅವರು ದುಡ್ಡು ಕೊಡುವುದು. ಕುಂಬಾರರು ಅದಕ್ಕೆ ಸಿಟ್ಟಾಗುವುದಿಲ್ಲ. ಒಡಕಿಲ್ಲದ ಗಡಿಗೆ ಮಾರುವವರಿಗೆ ಅದು ಗೌರವವೇ. ನೀರು ತುಂಬುವ ಗಡಿಗೆಗೇ ಇಷ್ಟು ಪರೀಕ್ಷೆ ಇದ್ದ ಮೇಲೆ, ನಿಮ್ಮ ಮತ್ತು ಹಿಂದೆ ಕೂತ ಗೆಳೆಯನ ಜೀವ ಹೊರುವ ಗಾಡಿಗೆ ಬೇಡವೇ?

ಫಾಲ್ಸ್ ಹತ್ತು ನಿಮಿಷ ಕಾಯುತ್ತದೆ. ಮನೆಯಲ್ಲಿ ನಿಮ್ಮ ದಾರಿ ಕಾಯುವವರೂ ಇದ್ದಾರೆ. ನೋಡಿ, ಬರೆಸಿಕೊಂಡು, ಆಮೇಲೆ ಕೀಲಿ ತಿರುಗಿಸಿರಿ.